ಸರಿ ಅಂದರೆ ಸರಿಯುವವಳು

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ. ಇಲ್ಲಿ ಒಂದೇ ಸಲ ಹೇಳಿ ಮುಗಿಸುತ್ತೇನೆ: ಮುರ್ತುಜಾ. ಅವರು ತೆಗೆದ ಫೋಟೋಗಳಲ್ಲಿ ಎಲ್ಲವೂ ಇದ್ದವು. ಮಢದ ಕರಿಬಂಡೆಗಳು, ವಸಯಿಯ ಬಾಳೆತೋಟ, ವಡಾಲದಾಚೆಯ ಉಪ್ಪಿನ ಗದ್ದೆ, ಪವಾಯಿ ಕೆರೆಯಲ್ಲಿ ಕುತ್ತಿಗೆತನಕ ಮುಳುಗಿ ಕೂತ ಎಮ್ಮೆಗಳು. ನಾನೊಬ್ಬಳೇ ಇರಲಿಲ್ಲ. ಎಮ್ಮೆಗೆ ಸಿಕ್ಕ ಜಾಗ ನನಗೆ ಸಿಗಲಿಲ್ಲ ನೋಡಿ ಎಂದು ಒಂದೆರಡು ಸಲ ಹಾಸ್ಯ ಮಾಡಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಅದು ಪೂರ್ತಿ ಹಾಸ್ಯವಾಗಿರಲಿಲ್ಲ.

ಹಾಗಂತ ನನ್ನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಮದುವೆಯಾಗಿ ಗದಗಿನಿಂದ ಮುಂಬಯಿಯ ವಡಾಲದ ಚಾಳಿಗೆ ಬಂದ ವರ್ಷದಿಂದಲೂ ಭಾನುವಾರ ಬಂತೆಂದರೆ ಇಬ್ಬರೂ ಲೋಕಲ್ ಹತ್ತುತ್ತಿದ್ದೆವು. ಕ್ಯಾಮೆರಾ ಅವರ ಕೊರಳಿಗೆ. ಮೂರು ಕಾಲಿನ ಸ್ಟ್ಯಾಂಡು, ಛತ್ರಿ, ರೊಟ್ಟಿಯ ಡಬ್ಬಿ ನನ್ನ ಕೈಗೆ. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಮುಂಬಯಿಯ ಲೋಕಲಿನಲ್ಲಿ ದಖನಿಯಲ್ಲಿ ಜಗಳವಾಡಿದರೆ ಬೋಗಿಗೆ ಬೋಗಿಯೇ ಕಿವಿಗೊಟ್ಟು ಕೂರುತ್ತದೆ. ಅದಕ್ಕೇ ಹೊಸ್ತಿಲು ದಾಟಿದರೆ ಕನ್ನಡ. ನಮ್ಮ ಎಷ್ಟೋ ಜಗಳ ಜನರ ನಡುವೆಯೇ ನಡೆದವು, ಯಾರಿಗೂ ಗೊತ್ತಾಗಲಿಲ್ಲ.

ಅವರದು ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಎದೆಯ ಹತ್ತಿರ ಹಿಡಿದು, ಅದರ ತಲೆಯ ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಚೆಂದದ ಜಾಗ ಕಂಡರೆ ಮೊದಲು ನನ್ನನ್ನು ಓಡಿಸುವರು. "ಆ ಗಿಡದ ಬುಡಕ್ಕ ನಿಂದ್ರು." ನಾನು ನಿಲ್ಲಬೇಕು. ನನ್ನ ಕೆಂಪು ಸೀರೆಯ ಮೇಲೆ ಫೋಕಸ್ ಕೂಡಿಸಿಕೊಳ್ಳುವರು. ಅದು ಕೂತಿತೆಂದರೆ ಒಂದೇ ಕೂಗು: "ಸರಿ!" ನಾನು ದಡಬಡ ಬದಿಗೆ ಸರಿಯಬೇಕು. ನಾನು ಸರಿದ ಮೇಲೆ ಕ್ಲಿಕ್.

"ನಾ ಏನ ಹೊಲದಾಗಿನ ಬೆರ್ಚಪ್ಪ ಏನ್ರಿ?" ಎಂದು ಒಮ್ಮೆ ಕೇಳಿದೆ.

"ಮನಶ್ಯಾರು ಬಂದ್ರ ನಿಸರ್ಗ ಕೆಡತೈತಿ, ಅಖ್ತರಿ," ಅಂದರು. ದೊಡ್ಡ ಮಾತು ಆಡಿದೆ ಎಂಬ ಖುಷಿ ಬೇರೆ ಮುಖದ ಮೇಲೆ.

ಒಂದೇ ಒಂದು ಸಲ ಅವರು ನನ್ನನ್ನು ಸರಿಸದೆ ಬಟನ್ ಒತ್ತಬೇಕು. ನನಗಿದ್ದ ಆಸೆ ಇಷ್ಟೇ. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ತೆಗೆಯುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಳಿ ತೆಗೆಸಿಕೊಳ್ಳುವ ಫೋಟೋ ಸ್ಟುಡಿಯೋದಲ್ಲೂ ಸಿಗುತ್ತದೆ. ನನಗೆ ಅದು ಬೇಕಿರಲಿಲ್ಲ.

ವಾರವಿಡೀ ಅವರ ಕೆಲಸ ವಿಲೆ ಪಾರ್ಲೆಯ ಒಂದು ಫೋಟೋ ಸ್ಟುಡಿಯೋದಲ್ಲಿ. ಯಜಮಾನರು ಉಡುಪಿ ಕಡೆಯ ಮೋನಪ್ಪಣ್ಣ. ಸ್ಟೂಲಿನ ಮೇಲೆ ಕೂತ ಗಿರಾಕಿಯ ಮುಖ ಹದಕ್ಕೆ ಬಂತೆಂದರೆ ಮೋನಪ್ಪಣ್ಣ ತಮ್ಮ ಪಾಡಿಗೆ ತಾವೇ "ಸರಿ" ಎಂದು ಬಟನ್ ಒತ್ತುತ್ತಿದ್ದರಂತೆ. ಪಾರ್ಲೆಯ ಗುಜರಾತಿ ಹೆಂಗಸರಿಗೆ ಅದು 'ಸಾರಿ' ಎಂದು ಕೇಳಿಸಿ, ಏನೂ ಮಾಡದೆ ಯಾಕೆ ಮಾಫಿ ಕೇಳುತ್ತಾನೆ ಈತ ಎಂದು ನಗು ಬರುತ್ತಿತ್ತಂತೆ. ಫೋಟೋ ಚೆನ್ನಾಗಿ ಬರುತ್ತಿತ್ತು. ಆ ಮಾತು ನಮ್ಮವರ ನಾಲಿಗೆಗೂ ಅಂಟಿತು. ಗದಗಿನಲ್ಲಿ 'ಬರೋಬ್ಬರಿ' ಅನ್ನುತ್ತಿದ್ದ ಮನುಷ್ಯ, ಸ್ಟುಡಿಯೋದಲ್ಲಿ ಮುಖ ಕಂಡರೆ 'ಸರಿ' ಅನ್ನತೊಡಗಿದರು. ಊಟಕ್ಕೆ ಕೂತಾಗ ಈ ಕತೆ ಹೇಳಿ ನಗಿಸಿದ್ದರು. ಕೇಳಿ ಮರೆತುಬಿಟ್ಟೆ.

ಎಪ್ಪತ್ತಮೂರರ ಚಳಿಗಾಲದಲ್ಲಿ ಅವರು ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳತೊಡಗಿದರು. ಪಕ್ಕದಲ್ಲಿಟ್ಟ ಚಹಾದ ಗ್ಲಾಸು ಮೊಳಕೈ ಬಡಿದು ಉರುಳುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ 'ಕಾಲಾ ಮೋತಿಯಾ' ಅಂದರು. ಕರಿಮುತ್ತು! ಇಂಥ ರೋಗಕ್ಕೆ ಇಷ್ಟು ಚೆಂದದ ಹೆಸರಿಟ್ಟವರು ಯಾರೋ. ಕತ್ತಲೆ ಬದಿಗಳಿಂದ ಬರುತ್ತದೆ, ಕೊನೆಯವರೆಗೂ ಉಳಿಯುವುದು ನಡುವಿನದು, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿದರೆ ತುಸು ನಿಧಾನವಾದೀತು ಎಂದರು. ನನಗೆ ಸಿಟ್ಟು ಬಂತು. ಡಾಕ್ಟರ ಮೇಲೆ, ಮೇಲಿನವನ ಮೇಲೆ, ಬೇರೆ ಯಾರದೋ ಸುದ್ದಿ ಕೇಳಿದವರಂತೆ ಸುಮ್ಮನೆ ಕೂತ ಗಂಡನ ಮೇಲೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕನ್ನಡದಲ್ಲಿ ಹೇಳಿದರು: "ಸಮುದ್ರ ಸಣ್ಣದಾಗೇತಿ, ಅಖ್ತರಿ. ಎರಡೂ ಕಡಿಂದ ಯಾರೋ ಪರದೆ ಎಳದಂಗ."

ನಾನು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇನ್ನು ಕೆಲವೇ ಭಾನುವಾರಗಳು ಉಳಿದಿದ್ದವು. ಅಷ್ಟರೊಳಗೆ ನಾನು ಅವರ ಒಂದು ಫೋಟೋದಲ್ಲಿ ನಿಲ್ಲದಿದ್ದರೆ ಇನ್ನು ಎಂದೂ ನಿಲ್ಲುವುದಿಲ್ಲ ಎಂಬುದು ಆ ಬಸ್ಸಿನಲ್ಲೇ ನನಗೆ ಸ್ಪಷ್ಟವಾಯಿತು. ಆದರೂ ಕೇಳಲಿಲ್ಲ. ನನ್ನ ಹಟ ನನ್ನ ಅಮ್ಮನಿಂದ ಬಂದದ್ದು.

ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಮನೋರಿಗೆ ಹೋದೆವು. ಮಾರ್ವೆಯಲ್ಲಿ ದೋಣಿ ಹತ್ತಿ ಖಾಡಿಯ ಹಿನ್ನೀರು ದಾಟಿದರೆ ಮನೋರಿ. ದಂಡೆಯುದ್ದಕ್ಕೂ ಕಂಬಗಳಿಗೆ ಬೊಂಬಿಲ್ ಮೀನು ಒಣಹಾಕಿದ್ದರು. ಆ ವಾಸನೆಗೆ ಮೂಗು ಮುಚ್ಚಿಕೊಂಡೇ ದಿನವಿಡೀ ಅಲೆದೆವು. ನಿಂದ್ರು ಅಂದಲ್ಲಿ ನಿಂತೆ, ಸರಿ ಅಂದಾಗ ಸರಿದೆ. ಸಂಜೆಯ ಹೊತ್ತಿಗೆ ರೋಲಿನಲ್ಲಿ ಒಂದು ಫೋಟೋ ಉಳಿದಿತ್ತು. ನೀರು ಹಿಂದೆ ಸರಿದು, ಒಂದು ಮೀನುಗಾರಿಕೆ ದೋಣಿ ಕೆಸರಿನಲ್ಲಿ ವಾಲಿಕೊಂಡಿತ್ತು.

"ಆ ದೋಣಿ ಹತ್ರ ನಿಂದ್ರು," ಅಂದರು.

ನಿಂತೆ. ಅವರು ಗಾಜಿನೊಳಗೆ ಬಹಳ ಹೊತ್ತು ನೋಡಿದರು. ಫೋಕಸಿನ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿದರು. "ತಲಿ ಮ್ಯಾಲಿನ ಸೆರಗ ಸ್ವಲ್ಪ ಹಿಂದ ಮಾಡು," ಅಂದರು. ಯಾವತ್ತೂ ಹಾಗೆ ಹೇಳಿದವರಲ್ಲ. ಪಾಪ, ಬರೀ ಕೆಂಪಿನ ಮೇಲೆ ಫೋಕಸ್ ಕೂರುತ್ತಿಲ್ಲವೇನೋ ಎಂದುಕೊಂಡು ಸೆರಗು ಹಿಂದಕ್ಕೆ ಸರಿಸಿದೆ. ಗಾಳಿಗೆ ಕೂದಲು ಹಾರಿತು.

"ಸರಿ," ಅಂದರು, ಮೆಲ್ಲಗೆ.

ನಾನು ಸರಿದೆ. ಕ್ಲಿಕ್ ಆಯಿತು.

ಅವರು ತಲೆ ಎತ್ತಿದರು. "ಯಾಕ ಸರದಿ?"

"ನೀವ ಅಂದ್ರಲ್ರಿ, ಸರಿ ಅಂತ!"

"ಅದು ಸರಿ ಅಲ್ಲ... ಅದು ಮೋನಪ್ಪಣ್ಣನ ಸರಿ, ಅಖ್ತರಿ. ಮುಖ ಬರೋಬ್ಬರಿ ಕುಂತೈತಿ ಅನ್ನೂ ಸರಿ." ಅವರು ಒದ್ದೆ ಮರಳಿನ ಮೇಲೆ ಕೂತುಬಿಟ್ಟರು. "ಮುಂಜಾನಿಂದ ನಿನಗಂತ ಒಂದು ಉಳಿಸಿದ್ದೆ."

ಇಷ್ಟು ವರ್ಷ ಬಯಸಿದ್ದು ಎದುರಿಗೇ ಬಂದು ನಿಂತಾಗ ನಾನೇ ಸರಿದು ಹೋಗಿದ್ದೆ! ಅಳು ಬಂತು. ನನಗೆ ಅಳು ಬಂದರೆ ಬಾಯಿಯಲ್ಲಿ ಜಗಳವೇ ಬರುವುದು.

"ಇಷ್ಟ ವರ್ಷ ಇಲ್ಲದ್ದು ಇವತ್ಯಾಕ್ರಿ? ಸಮುದ್ರ ಕಾಣವಲ್ದಂತ ನನ್ನ ಪಾಳಿ ಬಂತೇನು?"

ಅವರು ನಗಲಿಲ್ಲ. "ಬದಿಗಿಂದೆಲ್ಲಾ ಹೋತು. ಈಗ ನಡುವಿಂದಷ್ಟ ಕಾಣ್ತೈತಿ. ನೋಡಿದ್ರ ನಡುವ ನೀ ನಿಂತೀದಿ." ಕ್ಯಾಮೆರಾದ ಮುಚ್ಚಳ ಮುಚ್ಚುತ್ತ ಹೇಳಿದರು: "ಮೊದಲಿಂದಲೂ ಫೋಕಸ್ ನಿನ್ನ ಮ್ಯಾಲೇ ಇತ್ತಲ್ಲ. ಅಷ್ಟೂ ಮಾಡಿ ನಿನ್ನ ಸರಸಿ ತಗೀತಿದ್ದೆ. ಎಂಥಾ ಹುಚ್ಚ ನಾ."

ನಾನು ಅವರ ಪಕ್ಕ ಕೂತೆ. ಕೊನೆಯ ದೋಣಿಯವನು ಕೂಗುವತನಕ ಇಬ್ಬರೂ ಏಳಲಿಲ್ಲ.

ಆ ಫೋಟೋದಲ್ಲಿ ಬಂದದ್ದು ದೋಣಿ ಮತ್ತು ಅಂಚಿನಲ್ಲಿ ಮಸುಕಾದ ಒಂದು ಸೆರಗಿನ ಚುಂಗು. ಅಂಚು ಕತ್ತರಿಸಿದರೆ ಒಳ್ಳೆ ಚಿತ್ರ ಮಾರಾಯ, ಹೋಟೆಲಿನವರಿಗೆ ಕೊಡಬಹುದು ಎಂದು ಮೋನಪ್ಪಣ್ಣ ಹೇಳಿದರಂತೆ. ಇವರು ಕತ್ತರಿಸಲು ಬಿಡಲಿಲ್ಲ.

ಮಳೆ ಹಿಡಿಯಿತು. ಕಣ್ಣಿಗೆ ಹನಿ ಹಾಕುತ್ತ, ಚಾಳಿನ ಗ್ಯಾಲರಿಯಲ್ಲಿ ಮಳೆ ನೋಡುತ್ತ ತಿಂಗಳುಗಳು ಹೋದವು. ಸ್ಟುಡಿಯೋದಲ್ಲಿ ಮೋನಪ್ಪಣ್ಣ ಅವರಿಗೆ ಕ್ಯಾಮೆರಾ ಬಿಡಿಸಿ ಕೌಂಟರಿನ ಕೆಲಸ ಕೊಟ್ಟರು. ಮಳೆ ನಿಂತ ಮೇಲೆ ಅವರೇ ಅಂದರು, ಮನೋರಿಗೆ ಹೋಗೂಣು. ಈ ಸಲ ಕ್ಯಾಮೆರಾ ನನ್ನ ಕೊರಳಿಗೆ ಬಂತು, ಅವರ ಕೈ ನನ್ನ ತೋಳಿಗೆ. ದೋಣಿಗೆ ಹಾಕಿದ ಹಲಗೆ ದಾಟುವಾಗ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು.

ದಂಡೆಯಲ್ಲಿ ಸ್ಟ್ಯಾಂಡು ನಿಲ್ಲಿಸಿಕೊಟ್ಟು ದೂರ ಹೋಗಿ ನಿಂತೆ. ಅದೇ ಕೆಂಪು ಸೀರೆ. ಅವರು ಗಾಜಿನಲ್ಲಿ ಹುಡುಕಿದರು, ಕ್ಯಾಮೆರಾವನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರು.

"ಎಲ್ಲಿದ್ದೀ? ಮಾತಾಡ್ಕೋತ ಇರು," ಎಂದು ಕೂಗಿದರು.

ಮಾತಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬೊಂಬಿಲ್ ವಾಸನೆಗೆ ಬೈದೆ, ದೋಣಿಯವನಿಗೆ ಬೈದೆ, ಅವರಿಗೂ ಬೈದೆ. ನನ್ನ ದನಿ ಹಿಡಿದು ಕ್ಯಾಮೆರಾ ಮೆಲ್ಲಗೆ ನನ್ನ ಕಡೆ ತಿರುಗಿತು. ನಿಂತಿತು.

"ಸರಿ!" ಅಂದರು.

ನನ್ನ ಕಾಲು ತಾನಾಗಿಯೇ ಎದ್ದಿತ್ತು. ಎದ್ದ ಕಾಲನ್ನು ಅಲ್ಲೇ ಊರಿ, ಜೋರಾಗಿ ಕೇಳಿದೆ: "ಯಾವ ಸರಿ?"

ಅಷ್ಟರಲ್ಲಿ ಕ್ಲಿಕ್ ಆಗಿತ್ತು.

ಅವರು ತೆಗೆದ ಕೊನೆಯ ಫೋಟೋ ಅದು. ಸಮುದ್ರ ಒಂದು ಕಡೆ ವಾಲಿದೆ, ತಲೆಯ ಮೇಲೆ ಆಕಾಶ ಬೇಕಾದ್ದಕ್ಕಿಂತ ಹೆಚ್ಚಾಗಿದೆ. ನಡುವೆ ನಾನು, ಬಾಯಿ ತೆರೆದುಕೊಂಡು. ಮನೆಗೆ ಬಂದವರೆಲ್ಲ ಅದನ್ನು ನೋಡಿ, ಏನು ಹೇಳುತ್ತಿದ್ದೆ ಎಂದು ಕೇಳುತ್ತಾರೆ. ಗಂಡನ ಜೊತೆ ಜಗಳ ಎಂದುಬಿಡುತ್ತೇನೆ. ಅವರು ಆವತ್ತು ಕ್ಯಾಮೆರಾದಿಂದ ತಲೆ ಎತ್ತದೆಯೇ ಕೊಟ್ಟ ಉತ್ತರವನ್ನು ಮಾತ್ರ ಯಾರಿಗೂ ಹೇಳಿಲ್ಲ.

"ಎಲ್ಲೂ ಹೋಗಬ್ಯಾಡ ಅನ್ನೂ ಸರಿ," ಅಂದಿದ್ದರು.