ಹೊಸ ಬೆಲ್ಟು

ಅಲ್ಲ, ಎಡಕ್ಕಲ್ಲ. ಎಡಕ್ಕೆ ಎಳೆದರೆ ಬೆಲ್ಟು ಇನ್ನಷ್ಟು ಬಿಗಿಯುತ್ತದೆ. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ತರ್ಕಶಾಸ್ತ್ರದ ಅಧ್ಯಾಪಕ ತನಗೆ ತಾನೇ ಹೀಗೆ ಹೇಳಿಕೊಳ್ಳುತ್ತ ಮತ್ತೊಮ್ಮೆ ಸ್ಪ್ಯಾನರ್ ಜಾರಿಸಿಕೊಂಡ. ಬೆರಳಿನ ಗೆಣ್ಣು ತರಚಿತು. ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿ ಬೆಳಕನ್ನು ಒಂದು ಗಳಿಗೆ ಅವನ ಬೆರಳಿನ ಮೇಲೆ ನಿಲ್ಲಿಸಿ, ಮತ್ತೆ ಎಂಜಿನ್ನಿನ ಕಡೆ ತಿರುಗಿಸಿದಳು.

ಹಳೆಯ ಬೆಲ್ಟು ತಿಂಗಳುಗಟ್ಟಲೆ ಕಿರುಚಿತ್ತು. ಬೀದಿಯ ತಿರುವಿನಲ್ಲಿ ಸ್ಟೀರಿಂಗ್ ಹೊರಳಿಸಿದರೆ ಸಾಕು, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚುತ್ತಿತ್ತು. ತಮ್ಮ ಕುರ್ಚಿಯಲ್ಲೂ ಯಾರೂ ಹೀಗೆ ಕೂಗಿಕೊಂಡಿಲ್ಲ ಎಂದು ಎದುರು ಮನೆಯ ದಂತವೈದ್ಯರು ತಮಾಷೆ ಮಾಡುತ್ತಿದ್ದರು. ಹೆಂಡತಿ ಮಾತ್ರ ಆ ಸದ್ದು ಕೇಳಿದ್ದೇ ಒಲೆಯ ಮೇಲೆ ಟೀಗೆ ನೀರಿಟ್ಟು, ಬಂದು ಗೇಟು ತೆಗೆಯುತ್ತಿದ್ದಳು. ಅವನು ತನ್ನ ಮನೆಯ ಮುಂದೆ ಹಾರ್ನ್ ಒತ್ತಿದವನೇ ಅಲ್ಲ.

ಅವಳು ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವವಳು. ಬೇರೆ ಊರಿನ ಹೊಸ ಶಾಖೆಗೆ ಮುಖ್ಯಸ್ಥೆಯಾಗಿ ಕರೆದಿದ್ದರು. ಹೂಂ ಅಥವಾ ಊಹೂಂ, ನಾಳೆ ಬೆಳಿಗ್ಗೆ ತಿಳಿಸಬೇಕು. ನೀವೇನಂತೀರಿ ಎಂದು ಅವಳು ಕೇಳಿದಾಗಲೆಲ್ಲ ಅವನು ಸಾಧಕ ಬಾಧಕಗಳನ್ನು ತರಗತಿಯಲ್ಲಿ ವಿವರಿಸುವಂತೆ ಬಿಡಿಸಿಟ್ಟು, ನಿನಗೆ ಸರಿ ಕಂಡಂತೆ ಮಾಡು ಎಂದು ಕೈ ತೊಳೆದುಕೊಂಡಿದ್ದ. ಹೋಗಬೇಡ ಅನ್ನುವ ಒಂದು ಮಾತು ಗಂಟಲಲ್ಲೇ ಉಳಿದಿತ್ತು. ಅವಳೆಂದರೆ ಅವನಿಗೆ ಪ್ರಾಣ. ಅದನ್ನು ಅವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಿದ್ದ. ಇವತ್ತು, ಕೆಲಸದ ನಡುವೆ, ಮುಖ ನೋಡುವ ಗೋಜಿಲ್ಲದಾಗ, ಹೇಳಿಯೇಬಿಡಬೇಕೆಂದು ಕಾರನ್ನು ಗ್ಯಾರೇಜಿಗೆ ಕೊಡದೆ ಮನೆಯಲ್ಲೇ ಬಿಚ್ಚಿ ಕೂತಿದ್ದ.

ಕೊನೆಗೆ ಅವಳೇ ಟಾರ್ಚನ್ನು ಅವನ ಬಾಯಿಗೆ ಕಚ್ಚಿಸಿ ಸ್ಪ್ಯಾನರ್ ಕಿತ್ತುಕೊಂಡಳು. ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಬೆಲ್ಟನ್ನು ಬಿಗಿಹಿಡಿದಿದ್ದ ಸ್ಪ್ರಿಂಗ್ ಸಡಿಲವಾಯಿತು. ಅವನು ಹಳೆಯದನ್ನು ಕಳಚಿ ಹೊಸದನ್ನು ಪುಲ್ಲಿಗಳ ಸುತ್ತ ಹಾಯಿಸಿದ. ಕೆಳಗಿನ ಪುಲ್ಲಿಯಲ್ಲಿ ಬೆಲ್ಟು ಒಂದು ಗೆರೆಯಷ್ಟು ಆಚೆ ಕೂತಿದೆ ಎಂದು ಅವಳು ತೋರಿಸಿದಳು. ಸರಿಪಡಿಸಿದ. ಕೂದಲಿಗೆ ಗ್ರೀಸ್ ಮೆತ್ತಿಕೊಂಡು, ತುಟಿ ಕಚ್ಚಿ ನಿಂತಿದ್ದ ಅವಳನ್ನು ಕಂಡು ಅವನಿಗೆ ಮುದ್ದು ಉಕ್ಕಿತು. ಬಾಯಲ್ಲಿ ಟಾರ್ಚ್ ಇತ್ತು.

"ನಾನು ಹೋಗ್ಲಿ ಅಂತಾನೇ ಗಾಡಿ ರೆಡಿ ಮಾಡ್ತಿದೀರಾ?" ಅವಳು ಎಂಜಿನ್ನನ್ನು ನೋಡುತ್ತಲೇ ಕೇಳಿದಳು.

ಅವನು ಟಾರ್ಚ್ ತೆಗೆದ. "ದಾರೀಲಿ ಕಿತ್ತೋಗಬಾರದಲ್ಲ."

ಹೇಳಬೇಕೆಂದಿದ್ದು ಅದಾಗಿರಲಿಲ್ಲ. ಅವಳು ಹೂಂ ಎಂದು ಕೈ ಒರೆಸಿಕೊಂಡಳು.

ಎಂಜಿನ್ ಶುರು ಮಾಡಿದರೆ ಕಿರುಚಾಟವಿಲ್ಲ. ಅವಳು ಬಾನೆಟ್ಟಿನ ಹತ್ತಿರ ಕಿವಿ ತಂದು ಬಹಳ ಹೊತ್ತು ಕೇಳಿದಳು. ಚೆನ್ನಾಗಿದೆ ಎಂದಳು. ಮುಖ ಯಾಕೋ ಸಪ್ಪಗಿತ್ತು.

"ಒಂದು ಸುತ್ತು ಹಾಕ್ಕೊಂಡು ಬರ್ತೀನಿ. ಬಂದ್ಮೇಲೆ ನಿನ್ಹತ್ರ ಒಂದು ಮಾತಿದೆ."

"ಈಗ್ಲೇ ಹೇಳಿ."

"ಬಂದ್ಮೇಲೆ."

ಅವಳು ಅವನ ಅಂಗಿಯ ಕಾಲರ್ ಸರಿಮಾಡಿ, ಬೇಗ ಬನ್ನಿ ಎಂದಳು. ಅವನು ಹೊರಟಮೇಲೆ ಗೇಟು ಮುಚ್ಚಿದಳು.

ಖಾಲಿ ಕಾರಿನಲ್ಲಿ ಮಾತು ಸಲೀಸಾಗಿ ಬಂತು. ಹೋಗಬೇಡ, ನೀನಿಲ್ಲದೆ ನನಗಾಗುವುದಿಲ್ಲ ಎಂದು ಮುಂದಿನ ಗಾಜಿಗೆ ಹೇಳಿದ. ಸಿಗ್ನಲ್ಲಿನಲ್ಲಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದ. ಪಕ್ಕದ ಸ್ಕೂಟರಿನವನು ತಿರುಗಿ ನೋಡಿದ. ಅವಳು ಗೇಟು ತೆಗೆದ ತಕ್ಷಣ, ಎಂಜಿನ್ ಆರಿಸುವ ಮೊದಲೇ ಹೇಳಿಬಿಡುವುದೆಂದು ನಿಶ್ಚಯಿಸಿ ಮನೆಯ ಕಡೆ ತಿರುಗಿದ.

ತಿರುವು ಸದ್ದಿಲ್ಲದೆ ಕಳೆಯಿತು. ಕಾರು ಗೇಟಿನ ಮುಂದೆ ಬಂದು ನಿಂತಿತು. ಗೇಟು ಮುಚ್ಚಿಯೇ ಇತ್ತು.

ಮುಸ್ಸಂಜೆ. ಅಡುಗೆಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಅವಳು ಎರಡು ಲೋಟ ತೊಳೆದಿಟ್ಟು, ಟೀ ಪಾತ್ರೆಗೆ ನೀರು ತುಂಬಿ, ಒಲೆ ಹಚ್ಚದೆ ನಿಂತಿದ್ದಳು. ಅವನ ಕೈ ಹಾರ್ನಿನ ಮೇಲೆ ಹೋಯಿತು. ಒತ್ತಿದರೆ ದಂತವೈದ್ಯರ ಮನೆಗೆ ಯಾರೋ ಬಂದರೆಂದು ಸುಮ್ಮನಾದಾಳು. ತಾನೇ ಇಳಿದು ಗೇಟು ತೆಗೆಯಬಹುದು ಎಂಬುದೂ ಹೊಳೆಯದೇ ಇರಲಿಲ್ಲ. ಆದರೆ ಅವನು ಇಳಿಯಲಿಲ್ಲ.

ಒಳಗೆ ಅವಳು ಎಂದಿನಂತೆ ತಲೆ ಓರೆ ಮಾಡಿ ಬೀದಿಯ ತಿರುವಿನ ಕಡೆಗೆ ಕಿವಿಗೊಟ್ಟಳು. ಕತ್ತಲಾಗುತ್ತಿದ್ದ ಕಾರಿನಲ್ಲಿ, ಉಸಿರು ಬಿಗಿಹಿಡಿದು, ಅವನೂ ಕಿವಿಗೊಟ್ಟ. ತಾನು ಬರುವ ಸದ್ದಿಗಾಗಿ.