ನೂರು ಒಲೆಗಳ ನಡುವೆ

ನಮ್ಮ ಎಬೆನೇಜರ್ ತೋಪಿನಲ್ಲಿ ಯಾರೂ ಹಸಿದುಕೊಂಡು ಇರಲಾರರು. ಇರುತ್ತೇನೆಂದರೂ ಬಿಡುವುದಿಲ್ಲ. ನಡುವೆ ದೊಡ್ಡ ಚಪ್ಪರ, ಅದರ ಸುತ್ತ ಬಳೆಯಂತೆ ತೊಂಬತ್ತೆಂಟು ಗುಡಾರಗಳು. ಗುಡಾರವೆಂಬುದು ಮುತ್ತಜ್ಜಂದಿರ ಕಾಲದ ಹೆಸರು. ಈಗಿರುವುದೆಲ್ಲ ಹಲಗೆಯ ಗೋಡೆ, ತಗಡಿನ ಮಾಡಿನ ಮನೆಗಳು, ಒಂದೊಂದರ ಹಿತ್ತಿಲಿನಲ್ಲೂ ಒಂದು ಸೌದೆ ಒಲೆ. ಆಗಸ್ಟಿನಲ್ಲಿ ಒಂದು ವಾರ ನಮ್ಮ ಸಭೆಯವರೆಲ್ಲ ಪ್ರಾರ್ಥನೆಯ ಕೂಟಕ್ಕೆಂದು ಇಲ್ಲಿ ಬಂದು ಬೀಡುಬಿಡುತ್ತೇವೆ. ಪಾದ್ರಿಗಳ ಪ್ರಸಂಗ ಇಲ್ಲದ ಹೊತ್ತಿನಲ್ಲೆಲ್ಲ ಜನ ಚಪ್ಪರದ ಸುತ್ತ ನಡೆಯುತ್ತಲೇ ಇರುತ್ತಾರೆ. ಯಾರ ಜಗಲಿಯ ಮುಂದೆ ಹಾದರೂ ಕರೆದು ತಟ್ಟೆ ಕೊಡುತ್ತಾರೆ. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ. "ಈಗ ತಾನೇ ಇಂಥವರ ಗುಡಾರದಲ್ಲಿ ಆಯ್ತು" ಅನ್ನಬೇಕು. ಹಾಗೆಂದ ಮೇಲೂ ಒತ್ತಾಯಿಸಿದರೆ ಆ ಮನೆಯವರ ಅಡುಗೆ ಸಾಲದಾಯಿತೆಂದು ಹಂಗಿಸಿದಂತೆ. ಅಂಥ ಮಾತಿನಿಂದ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ನಮ್ಮಲ್ಲಿವೆ, ಅದಕ್ಕೇ ಯಾರೂ ಒತ್ತಾಯಿಸುವುದಿಲ್ಲ.

ನಾನು ಆರ್ಡೀಲಿಯಾ ರಾವೆನೆಲ್, ಎಲ್ಲರ ಬಾಯಲ್ಲಿ ಡೀಲಿ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅರವತ್ತು ಕಪಿಗಳನ್ನು ಒಂದೇ ಕನ್ನಡಿಯಲ್ಲಿ ನೋಡಿಕೊಂಡವಳಿಗೆ ಒಬ್ಬ ಗಂಡನ ಮೇಲೆ ಕಣ್ಣಿಡುವುದು ಯಾವ ಮಹಾ ಕೆಲಸ ಅಂದುಕೊಂಡಿದ್ದೆ.

ಹತ್ತು ತಿಂಗಳಿಂದ ನನ್ನ ಗಂಡ ಸೀಫಸನ ನೆನಪು ಸೋರಿಹೋಗುತ್ತಿತ್ತು. ಚಾರ್ಲ್ಸ್ಟನ್ನಿನಲ್ಲಿರುವ ಮಗಳಿಗೆ ಬಿಟ್ಟು ಬೇರೆ ಯಾರಿಗೂ ನಾನದನ್ನು ಹೇಳಿರಲಿಲ್ಲ. ಶನಿವಾರ ಸಂಜೆ ಚಪ್ಪರದಡಿ ಎದ್ದು ನಿಂತು ಮೊದಲ ಪ್ರಾರ್ಥನೆ ಮಾಡುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಗೊತ್ತಾದರೆ ಯಾರೂ ಕಿತ್ತುಕೊಳ್ಳುವುದಿಲ್ಲ, ಅಷ್ಟು ಒರಟರಲ್ಲ ನಮ್ಮವರು. ತೋಳು ಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸಿ, ಬೆನ್ನು ಸವರಿ, ಪ್ರಾರ್ಥನೆಯನ್ನು ಇನ್ನೊಬ್ಬನಿಗೆ ಕೊಡುತ್ತಾರೆ. ಆ ಮರ್ಯಾದೆ ನನಗೆ ಬೇಡವಾಗಿತ್ತು. ಅದಕ್ಕೆ ಅವನ ಪಕ್ಕದಲ್ಲೇ ಇದ್ದು, ಎದುರಿಗೆ ಬಂದವರ ಹೆಸರನ್ನು ನಾನೇ ಮೊದಲು ಜೋರಾಗಿ ಕೂಗಿ, ದಿನ ತಳ್ಳುತ್ತಿದ್ದೆ.

ಶುಕ್ರವಾರ ಪಾದ್ರಿಗಳ ಗುಡಾರಕ್ಕೆ ಅಡುಗೆ ಮಾಡುವ ಪಾಳಿ ನಮ್ಮ ಮನೆಯದು. ತೋಪಿನಲ್ಲಿ ಸಂಬಳದ ಆಳು ಅಂತ ಒಬ್ಬನೂ ಇಲ್ಲ. ಹುಲ್ಲು ಹಾಸುವವರು, ನೀರು ಹೊರುವವರು, ಎಲ್ಲ ನಾವೇ. ರೂಫಸ್ ಪಿಂಕ್ನಿ ಹೊತ್ತುಹೊತ್ತಿಗೆ ಕೊಂಬು ಊದಿ ಜನರನ್ನು ಚಪ್ಪರಕ್ಕೆ ಕರೆಯುತ್ತಾನೆ. ನರ್ಸು ಜೊನೆಲ್ ತನ್ನ ಆಸ್ಪತ್ರೆಗೆ ರಜೆ ಹಾಕಿ ಬಂದು ಓಕ್ ಮರದಡಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾಳೆ. ನಾನಂತೂ ಪಾದ್ರಿಗಳ ಪಾಳಿಗೆ ವರ್ಷವೆಲ್ಲ ಕಾಯುವವಳು. ನಾನು ಟೊಮೆಟೊ ಹಾಕಿ ಮಾಡುವ ಕೆಂಪನ್ನದ ಮುಂದೆ ಲುಸಿಂಡಾ ಮಾಜಿಕ್‌ಳ ಕೆಂಪನ್ನ ಗಂಜಿ. ಇದು ಜಂಭವೇ, ಒಪ್ಪಿಕೊಳ್ಳುತ್ತೇನೆ.

ಬೆಳಗಿನ ಪ್ರಸಂಗ ಮುಗಿದಾಗ ಒಂದಕ್ಕೆ ಹತ್ತು ನಿಮಿಷ. ಸೀಫಸನನ್ನು ನಮ್ಮ ಗುಡಾರದ ಮೇಜಿಗೆ ಕೂರಿಸಿ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿ, ಎದುರಿಗೆ ತಟ್ಟೆ ಇಟ್ಟೆ. ಅಷ್ಟರಲ್ಲಿ ಪಾದ್ರಿಗಳ ಗುಡಾರದಿಂದ ಕೂಗು ಬಂತು. ಮೀನು ಕರಿಯುವ ಎಣ್ಣೆ ಉಕ್ಕಿ ಒಲೆಗೆ ಬಿದ್ದಿತ್ತು.

"ತಿನ್ನು, ಆಯ್ತಾ? ನಾನು ಬಂದೆ," ಅಂದೆ.

"ನೀನು ಹೋಗು ಮಾರಾಯ್ತಿ. ನಂಗೇನು ತಿನ್ನಕ್ಕೆ ಬರಲ್ವಾ?" ಅಂದ ಸೀಫಸ್.

ಓಡಿದೆ. ಬೆಂಕಿ ಆರಿಸಿದೆವು. ಹೋದವಳು ಬರಬೇಕಿತ್ತು. ಬರಲಿಲ್ಲ. ಹೊಸ ಎಣ್ಣೆ ಕಾಯಿಸಿ, ಮೀನು ಕರಿದು, ಏಳು ಜನ ಪಾದ್ರಿಗಳಿಗೆ ಬಡಿಸಿ, ಅವರು ಅನ್ನವನ್ನು ಹೊಗಳಿದ್ದನ್ನು ನಿಂತು ಕೇಳಿಸಿಕೊಂಡೆ. ಮರಳಿ ಬಂದಾಗ ಒಂದೂ ಮುಕ್ಕಾಲು. ತಟ್ಟೆ ಇಟ್ಟಂತೆಯೇ ಇತ್ತು. ಚಮಚ ಕೂಡ ಒದ್ದೆಯಾಗಿರಲಿಲ್ಲ. ಕುರ್ಚಿ ಖಾಲಿ.

ಮೊದಲು ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಸುತ್ತು ಹೊಡೆಯಲು ಹೋಗಿದ್ದಾನೆ, ಯಾರದೋ ಜಗಲಿಯಲ್ಲಿ ಕೂತು ಮೆಲ್ಲುತ್ತಿದ್ದಾನೆ ಅಂದುಕೊಂಡೆ. ಇಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು. ಪಕ್ಕದ ಗುಡಾರದ ಲುಸಿಂಡಾ ಬೆಂಡೆಕಾಯಿ ಹೆಚ್ಚುತ್ತಾ ಕೂತಿದ್ದಳು.

"ಲುಸಿಂಡಕ್ಕ, ನಮ್ಮ ಸೀಫಸ್‌ನ ಕಂಡ್ಯಾ?"

"ಈಗಷ್ಟೇ ಹೋದ್ನಲ್ಲೇ. ಬಾ ಅಣ್ಣ, ಒಂದು ತುಂಡು ಮೀನು ತಿನ್ನು ಅಂದೆ. ಸಿಮನ್ಸ್ ಮನೇಲಿ ಆಯ್ತು ಅಂದ. ನಿಂತ್ಕೋ, ಸುತ್ತಿ ಬರ್ತಾನೆ. ಈ ವಯಸ್ಸಿನಲ್ಲೂ ಗಂಡನ್ನ ಬಿಟ್ಟಿರಕ್ಕಾಗಲ್ವಾ ನಿಂಗೆ?"

ನಕ್ಕೆ. ಅಲ್ಲೇ ನಿಂತೆ. ಸುತ್ತುವ ಜನ ಮುಂದೆ ಹಾದುಹೋಗುತ್ತಿದ್ದರು. ಒಂದು ಸುತ್ತಿಗೆ ಹೆಚ್ಚೆಂದರೆ ಎಂಟು ನಿಮಿಷ. ಹಸಿರು ಕೊಡೆಯ ಹೆಂಗಸು ಒಮ್ಮೆ ಹಾದಳು. ಮತ್ತೆ ಅವಳೇ ಬಂದಳು. ಸೀಫಸ್ ಬರಲಿಲ್ಲ.

ಸಿಮನ್ಸರ ಗುಡಾರಕ್ಕೆ ಹೋದೆ. ನಡೆದೇ ಹೊರಟವಳು ಅರ್ಧ ದಾರಿಯಲ್ಲಿ ಓಡುತ್ತಿದ್ದೆ. ಅವರ ಮುದುಕಿ, "ಇಲ್ಲಿ ಉಣ್ಣಲಿಲ್ವಲ್ಲ ತಾಯಿ. ಮಾಜಿಕ್ ಅವರಲ್ಲಿ ಉಂಡೆ ಅಂದ್ನಪ್ಪ. ನಾನು ಸುಮ್ನಾದೆ," ಅಂದಳು.

ಜಗಲಿಯ ಕಂಬ ಹಿಡಿದುಕೊಂಡೆ. ಲುಸಿಂಡಾಳಿಗೆ ಸಿಮನ್ಸರ ಹೆಸರು, ಸಿಮನ್ಸರಿಗೆ ಲುಸಿಂಡಾಳ ಹೆಸರು. ಅವನು ಸುಳ್ಳು ಹೇಳಿರಲಿಲ್ಲ. ಎಪ್ಪತ್ತು ವರ್ಷ ನಾಲಗೆಗೆ ರೂಢಿಯಾದ ಮಾತು ತಾನಾಗಿ ಬಂದಿತ್ತು, ಅಷ್ಟೆ. ತಿಂದೆನೋ ಇಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಮತ್ತು ಆ ಮಾತು ಕೇಳಿದ ಮೇಲೆ ತೊಂಬತ್ತೆಂಟು ಮನೆಗಳಲ್ಲಿ ಒಂದು ಮನೆಯೂ ಅವನಿಗೆ ತುತ್ತು ಕೊಡುವುದಿಲ್ಲ.

ಹೊಟ್ಟೆಯಲ್ಲಿ ಅನ್ನವಿಲ್ಲದೆ ಇನ್ಸುಲಿನ್ ಏನು ಮಾಡುತ್ತದೆಂದು ನಾನು ಒಮ್ಮೆ ಮನೆಯಲ್ಲಿ ನೋಡಿದ್ದೆ. ಮೊದಲು ಬೆವರು, ನಡುಕ, ತೊದಲು ಮಾತು. ಆಮೇಲೆ ನಿದ್ದೆಯಂಥದ್ದು, ಅದು ನಿದ್ದೆಯಲ್ಲ. ಗಡಿಯಾರ ನೋಡಿದೆ. ಸೂಜಿ ಚುಚ್ಚಿ ಒಂದು ಗಂಟೆ ಹದಿನೈದು ನಿಮಿಷವಾಗಿತ್ತು.

ಗುಡಾರದಿಂದ ಗುಡಾರಕ್ಕೆ ಓಡಿದೆ. "ಈಗ ತಾನೇ ಇಲ್ಲಿದ್ನಲ್ಲ." "ಆಗಲೇ ಹೋದ್ನಲ್ಲ, ಊಟ ಆಗಿತ್ತಂತೆ." "ಬೆವರ್ತಿದ್ದ ಪಾಪ, ಏನು ಸೆಕೆ ಅಲ್ವಾ?" ಈ ಕೊನೆಯ ಮಾತು ಹೇಳಿದವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳದೇನು ತಪ್ಪು? ಬೆವರುವ ಮುದುಕನನ್ನು ಕಂಡರೆ ಸೆಕೆ ಎನ್ನದೆ ಇನ್ನೇನು ಅನ್ನುತ್ತಾರೆ? ಗುಟ್ಟು ಇದ್ದದ್ದು ನನ್ನ ಹತ್ತಿರ, ಅವಳ ಹತ್ತಿರವಲ್ಲ. ಎಲ್ಲರೂ ಅವನನ್ನು ನೋಡಿದ್ದರು. ಯಾವಾಗ, ಯಾವ ಸುತ್ತಿನಲ್ಲಿ ಎಂದು ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಆ ಬಳೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ತೋಪಿನ ಹಿಂದಿನ ಜೌಗು ನೆನಪಾಯಿತು, ರಸ್ತೆ ನೆನಪಾಯಿತು. ಚಪ್ಪರದ ಕಡೆ ತಿರುಗಿದೆ.

ಚಪ್ಪರದ ಮೆಟ್ಟಿಲ ಮೇಲೆ ರೂಫಸ್ ಕೊಂಬು ಒರೆಸುತ್ತಾ ಕೂತಿದ್ದ.

"ರೂಫಸ್, ಕೊಂಬು ಊದು."

"ಮೂರು ಗಂಟೆಗೆ ಅಲ್ವೇನಕ್ಕ? ಈಗ ಇನ್ನೂ ಎರಡೂವರೆ. ಹೊತ್ತಲ್ಲದ ಹೊತ್ತಲ್ಲಿ ಊದಿದ್ರೆ ಎಲ್ಲೋ ಬೆಂಕಿ ಬಿತ್ತು ಅಂತ ಜನ ಬಕೀಟು ಹಿಡ್ಕೊಂಡು ಓಡಿ ಬರ್ತಾರೆ."

"ಬರ್ಲಿ. ಊದು."

ನನ್ನ ಮುಖ ನೋಡಿ ಅವನು ಎದ್ದು ನಿಂತ. ಊದಿದ.

ನಿಜವಾಗಿಯೂ ಬಕೆಟು ಹಿಡಿದುಕೊಂಡೇ ಬಂದರು. ಎರಡು ನಿಮಿಷದಲ್ಲಿ ಚಪ್ಪರ ತುಂಬಿತು. ಎಪ್ರನ್ ಕಟ್ಟಿದ ಹೆಂಗಸರು, ಕೈಯಲ್ಲಿ ಕೋಳಿಯ ಮೂಳೆ ಹಿಡಿದ ಮಕ್ಕಳು, ಬಾಯಿ ಒರೆಸಿಕೊಳ್ಳುತ್ತಾ ಪಾದ್ರಿಗಳು. ಸೀಫಸ್ ಪ್ರಾರ್ಥನೆಗೆ ನಿಲ್ಲುವ ಜಾಗದಲ್ಲೇ ನಾನು ನಿಂತೆ. ಹೇಳಿದರೆ ಅವನ ಶನಿವಾರ ಹೋಯಿತು. ಹೇಳದಿದ್ದರೆ ಅವನೇ ಹೋಗುತ್ತಾನೆ.

"ಸೀಫಸ್‌ಗೆ ಮರೆವಿನ ಕಾಯಿಲೆ ಇದೆ," ಅಂದೆ. "ನಾನು ಮುಚ್ಚಿಟ್ಟಿದ್ದೆ. ಅವನು ಊಟ ಆಯ್ತು ಅಂದ್ರೆ ನಂಬಬೇಡಿ. ಮಧ್ಯಾಹ್ನ ಒಂದು ಅಗುಳೂ ಹೋಗಿಲ್ಲ ಹೊಟ್ಟೆಗೆ. ಇನ್ಸುಲಿನ್ ಕೊಟ್ಟಿದೀನಿ. ಸಿಗದಿದ್ರೆ ಸತ್ತು ಹೋಗ್ತಾನೆ. ಯಾರು ಕೊನೇಲಿ ನೋಡಿದ್ರಿ, ಹೇಳಿ."

ಪಾದ್ರಿಗಳ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಈ ವರ್ಷವೇ ಹೊಸದಾಗಿ ಬಂದವನು, ಕೈಯೆತ್ತಿದ.

"ಅಮ್ಮ, ಪ್ಯಾಂಟಿಗೆ ಬೂದು ಬಣ್ಣದ ಹೆಗಲಪಟ್ಟಿ ಹಾಕಿದ ಹಿರಿಯರಾ? ನಮ್ಮ ಗುಡಾರದ ಅಟ್ಟದ ಮೇಲಿದಾರೆ. ಹಿಂದಿನ ಬಾಗಿಲಿಂದ ಬಂದು, ಡೀಲಿ ಎಲ್ಲಿ ಅಂತ ಕೇಳಿದ್ರು. ನೀವು ಆಗ ತಾನೇ ಹೊರಟಿದ್ರಿ. ಸುಸ್ತಾಗಿದೆ, ಸ್ವಲ್ಪ ಮಲಗ್ತೀನಿ ಅಂದ್ರು. ಊಟ ಕೇಳ್ದೆ, ಆಯ್ತು ಅಂದ್ರು. ದೊಡ್ಡೋರು, ಎಬ್ಬಿಸೋದು ಬೇಡ ಅಂತ..."

ಅವನ ಮಾತು ಮುಗಿಯುವವರೆಗೆ ಯಾರು ನಿಂತಿದ್ದರು? ಔಷಧಿ ಪೆಟ್ಟಿಗೆ ಎತ್ತಿಕೊಂಡು ಜೊನೆಲ್ ಮುಂದೆ, ನಾನು ಹಿಂದೆ. ಅಟ್ಟದ ಏಣಿಯಂಥ ಮೆಟ್ಟಿಲಲ್ಲಿ ಎರಡು ಸಲ ಜಾರಿದೆ. ನಾನು ಅನ್ನದ ಹೊಗಳಿಕೆ ಕೇಳುತ್ತಾ ನಿಂತಿದ್ದ ಜಾಗದ ನೆತ್ತಿಯ ಮೇಲೇ ಅವನು ಮಲಗಿದ್ದ. ತಗಡಿನ ಕೆಳಗೆ ಒಲೆಯೊಳಗಿನ ಸೆಕೆ. ಅವನ ಅಂಗಿ ಹಿಂಡುವಷ್ಟು ನೆಂದಿತ್ತು, ಆದರೆ ಮೈ ತಣ್ಣಗೆ. ಕಣ್ಣು ಅರೆ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ.

"ಸೀಫಸ್," ಅಂದೆ. ಗೊರಕೆಯಂಥ ಒಂದು ಸದ್ದು ಬಂತು.

"ಪಕ್ಕಕ್ಕೆ ಹೊರಳಿಸಿ, ಅಕ್ಕ. ಬಾಯಿಗೆ ನೀರು ಗೀರು ಹಾಕ್ಬೇಡಿ," ಅಂದಳು ಜೊನೆಲ್. ಪೆಟ್ಟಿಗೆಯಿಂದ ಸಕ್ಕರೆ ಏರಿಸುವ ಸೂಜಿ ತೆಗೆದು ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದಳು. ಕೆಳಗೆ ರೂಫಸ್ ಆಂಬುಲೆನ್ಸಿಗೆ ಫೋನ್ ಮಾಡುತ್ತಿರುವುದು ಕೇಳುತ್ತಿತ್ತು. ಬರಲು ಇಪ್ಪತ್ತೈದು ನಿಮಿಷವಂತೆ. ಲುಸಿಂಡಾ ಕಬ್ಬಿನ ಜೋನಿ ಬೆಲ್ಲದ ಡಬ್ಬಿ ಹಿಡಿದು ಏಣಿ ಹತ್ತಿ ಬಂದಿದ್ದಳು. ಅವಳ ಮಂಡಿಯಲ್ಲಿ ಹತ್ತಲಾಗುವುದಿಲ್ಲವೆಂದು ಊರಿಗೇ ಗೊತ್ತು. ಎಚ್ಚರವಾದ ಮೇಲೆ ಕೊಡೋಣ ಎಂದು ಜೊನೆಲ್ ಹೇಳಿದ್ದಕ್ಕೆ, ಡಬ್ಬಿ ಹಿಡಿದುಕೊಂಡೇ ಕೂತಳು.

ಹನ್ನೆರಡು ನಿಮಿಷ. ಅಷ್ಟೂ ಹೊತ್ತು ನಾನು ದೇವರ ಹತ್ತಿರ ಏನನ್ನೂ ಕೇಳಲಿಲ್ಲ. ಕೇಳಲು ಬಾಯಿ ಬರಲಿಲ್ಲ, ಹೆದರಿಕೆಯಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ. ಆಮೇಲೆ ಅವನ ಬೆರಳು ಆಡಿತು. ಕಣ್ಣು ನನ್ನ ಮೇಲೆ ನಿಂತಿತು.

"ಎಲ್ಲಿ ಹೋಗಿದ್ದೆ?" ಅಂದ. "ಎಷ್ಟು ಹುಡುಕ್ದೆ ನಿನ್ನ."

ಬಾಯಿಗೆ ಎಪ್ರನ್ ಒತ್ತಿಕೊಂಡು ಅತ್ತೆ. ಲುಸಿಂಡಾ ಚಮಚದಲ್ಲಿ ಜೋನಿ ತಿನ್ನಿಸಿದಳು. ಆಂಬುಲೆನ್ಸಿನವರು ಬಂದು ರಕ್ತ ನೋಡಿ, ಸಕ್ಕರೆ ಏರಿದೆ ಅಂದರು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆಂದರೆ ಸೀಫಸ್ ಒಪ್ಪಲಿಲ್ಲ. ಗಂಟೆಗೊಮ್ಮೆ ನೋಡುತ್ತೇನೆಂದು ಜೊನೆಲ್ ಮಾತು ಕೊಟ್ಟಳು.

ನಾಲ್ಕು ಗಂಟೆಗೆ ನಾವು ನಮ್ಮ ಜಗಲಿಯಲ್ಲಿ ಕೂತಿದ್ದೆವು. ಒಬ್ಬರ ಹಿಂದೆ ಒಬ್ಬರು ತಟ್ಟೆ ತಂದರು. "ಸೀಫಸಣ್ಣ, ನಾನು ಯಾರು, ಗೊತ್ತಾಯ್ತಾ? ತಿನ್ನಣ್ಣ, ನನ್ ಮುಂದೇನೇ ತಿನ್ನು," ಎಂದು ಜೋರಾಗಿ, ನಿಧಾನವಾಗಿ, ಕಿವುಡನಿಗೋ ಮಗುವಿಗೋ ಹೇಳಿದಂತೆ ಹೇಳಿದರು. ಪ್ರೀತಿಯಿಂದಲೇ. ಸೀಫಸ್ ಎಲ್ಲರಿಗೂ ತಲೆಯಾಡಿಸಿದ. ದೊಡ್ಡ ಪಾದ್ರಿ ಬಂದು ಅವನ ಬೆನ್ನು ಸವರಿ, "ನಾಳೆ ಸಂಜೆ ನೀವು ಆರಾಮಾಗಿ ಮುಂದೆ ಕೂತ್ಕೊಳ್ಳಿ ಅಣ್ಣ, ರೂಫಸ್ ಪ್ರಾರ್ಥನೆ ಮಾಡ್ತಾನೆ," ಅಂದರು. ಅದಕ್ಕೂ ತಲೆಯಾಡಿಸಿದ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದ.

"ಇವ್ರಿಗೆಲ್ಲ ಏನು ಹೇಳ್ದೆ?"

"ನಿನ್ನ ಕಾಯಿಲೆ ವಿಷಯ."

"ಯಾವ ಕಾಯಿಲೆ?" ಸುತ್ತಲಿದ್ದ ತಟ್ಟೆಗಳತ್ತ ಕೈ ಮಾಡಿದ. "ಊರಿಗೆಲ್ಲ ಹೇಳಿದೀಯ. ನಂಗ್ಯಾಕೆ ಹೇಳ್ಲಿಲ್ಲ ಡೀಲಿ?"

ಅವನಿಗೆ ಡಾಕ್ಟರೇ ಹೇಳಿದ್ದರು, ನನ್ನೆದುರಿಗೆ. ಅಂದು ಕಾರಿನಲ್ಲಿ ಮನೆಯವರೆಗೂ ಅತ್ತುಕೊಂಡು ಬಂದಿದ್ದ. ಎರಡು ದಿನಕ್ಕೆ ಮರೆತು, ತೋಟಕ್ಕೆ ಹೋಗಿ ಶಿಳ್ಳೆ ಹಾಕುತ್ತಾ ಟೊಮೆಟೊ ಕಿತ್ತು ತಂದ. ಅವನನ್ನು ಮತ್ತೊಮ್ಮೆ ಅಳಿಸುವ ಧೈರ್ಯ ನನಗಿರಲಿಲ್ಲ.

ಈಗ ಹೇಳಿದೆ. ಕಾಯಿಲೆಯ ಹೆಸರು, ಡಾಕ್ಟರು ಕೊಟ್ಟ ವರ್ಷಗಳ ಲೆಕ್ಕ, ಕಾರಿನಲ್ಲಿ ಅತ್ತದ್ದು, ಎಲ್ಲ. ಅವನು ಈ ಸಲ ಅಳಲಿಲ್ಲ. ಮಡಿಲಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟ.

"ಇದೂ ಮರ್ತು ಹೋಗತ್ತಲ್ವಾ ನಂಗೆ?"

"ಹೋಗ್ಬಹುದು."

"ಹೋದ್ರೆ ನನ್ನ ಹೆದ್ರಿಕೆನೂ ಹೋಗತ್ತೆ," ಅಂದ. "ಆಮೇಲೆ ನೀನೊಬ್ಳೇ ಹೆದ್ರಿಕೊಂಡಿರ್ಬೇಕಲ್ಲ."

ಹೌದು ಅಂದೆ.