ಬಿಳಿ ತುದಿಯ ನೀಲಿ

ನಾನು ಒಂದು ಗ್ರೇಡಿಯಂಟ್. ಹೆಸರು ಕೇಳಿ ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ಫೋಟೊ ತಿದ್ದುವವರು ಒಂದು ತುದಿಯಲ್ಲಿ ಬಣ್ಣವನ್ನು ಗಾಢವಾಗಿಟ್ಟು ಇನ್ನೊಂದು ತುದಿಗೆ ತೆಳುವಾಗಿಸುತ್ತ ಹೋಗುತ್ತಾರಲ್ಲ, ಆ ಪಟ್ಟಿ ನಾನು. ನನ್ನ ಬಣ್ಣ ನೀಲಿ.

ಹುಟ್ಟಿದ್ದು ಗದಗಿನ ಒಂದು ಲಗ್ನಪತ್ರಿಕೆ ಮುದ್ರಣಾಲಯದಲ್ಲಿ. ಮಾಡಿದವರು ಅಂದಾನಪ್ಪ, ಬಲು ಅವಸರದ ಮನುಷ್ಯ. ನನ್ನ ಇನ್ನೊಂದು ತುದಿಯಲ್ಲಿ, ಹಿಂದಿನದು ಹಾಗೇ ಕಾಣುವಂತೆ, ಏನೂ ಇರಬಾರದಿತ್ತು. ಅವರು ಅಲ್ಲಿ ಬಿಳಿ ಇಟ್ಟು ಕೈತೊಳೆದುಕೊಂಡರು. ಪತ್ರಿಕೆಯ ಕಾಗದವೂ ಬಿಳಿಯಾದ್ದರಿಂದ ನನ್ನ ಕುಂದು ಯಾರಿಗೂ ಕಾಣಲಿಲ್ಲ. ಗಣಪತಿಯ ಹಿಂದೆ, ವಧೂವರರ ಹೆಸರಿನ ಕೆಳಗೆ ಐದು ವರ್ಷ ಮೆರೆದೆ.

ಮುದ್ರಣಾಲಯ ಮುಚ್ಚುವಾಗ ಅಂದಾನಪ್ಪ ನನ್ನನ್ನು ಪೆನ್‌ಡ್ರೈವಿಗೆ ಹಾಕಿ, ತಮ್ಮಲ್ಲೇ ಕೆಲಸ ಕಲಿತ ಸುವರ್ಣಾಳಿಗೆ ಕೊಟ್ಟರು. ಅವಳು ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದಳು.

ಒಂದು ಮಧ್ಯಾಹ್ನ ಪೇಂಟರ್ ಫಕ್ಕೀರಪ್ಪ ಬಂದರು. ಒಂದು ಕಾಲಕ್ಕೆ ಊರಿನ ಗೋಡೆಗಳ ಮೇಲೆಲ್ಲ ಅವರದೇ ಅಕ್ಷರ, ಮೂಲೆಯಲ್ಲಿ ಸಣ್ಣಗೆ ‘ಫಕ್ಕೀರಪ್ಪ ಆರ್ಟ್ಸ್’ ಎಂಬ ಸಹಿ. ಫ್ಲೆಕ್ಸ್ ಬಂದ ಮೇಲೆ ಕೆಲಸವೂ ಹೋಯಿತು, ಸಹಿಯೂ ಅಳಿಸಿಹೋಯಿತು. ಅಂಥವರು ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಿದ್ದಾರೆಂದರೆ ಕಾರಣ ಸಣ್ಣದಲ್ಲ. ಅವರು ಮೇಜಿನ ಮೇಲೆ ಎರಡು ಫೋಟೊ ಇಟ್ಟರು. ಒಂದರಲ್ಲಿ ತೀರಿಹೋದ ಹೆಂಡತಿ ದ್ಯಾಮವ್ವ, ಅರಿಸಿನ ಬಣ್ಣದ ಗೋಡೆಯ ಮುಂದೆ. ಇನ್ನೊಂದರಲ್ಲಿ ಅವರು, ನೀಲಿ ಗೋಡೆಯ ಮುಂದೆ.

“ನಾಳೆ ಮಗಳ ಹೊಸಾ ಮನಿ ಓಪನಿಂಗ್ ಐತವಾ. ಅಪ್ಪ ಅವ್ವ ಜೋಡೀಲೆ ಇರೋ ಫೋಟೊ ಬೇಕಂತಾಳ. ನಾವು ಎಂದೂ ಕೂಡಿ ನಿಂತಿಲ್ಲ. ಆಕಿ ಅವ್ವ ಫೋಟೊಕ್ಕ ಕರದಾಗೆಲ್ಲ ನಾ ಏಣಿ ಮ್ಯಾಲೆ ಇರತಿದ್ದೆ. ಈಗರೆ ಕೂಡಸ್ತಿ?”

“ಕೂಡಸೋಣ ಕಾಕಾ, ಕುಂದರ್ರಿ.”

ಸುವರ್ಣಾ ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ಅವರ ಗೋಡೆಯ ನೀಲಿ ದ್ಯಾಮವ್ವನ ಅರಿಸಿನದಲ್ಲಿ ಕರಗಲೆಂದು ನನ್ನನ್ನು ಆ ಕಡೆ ಎಳೆದಳು. ನಾನು ಹುಮ್ಮಸ್ಸಿನಿಂದ ಹೋದೆ. ಹೋದವನೇ ನನ್ನ ಬಿಳಿಯಿಂದ ದ್ಯಾಮವ್ವನ ಮುಖವನ್ನು ಪೂರಾ ಮುಚ್ಚಿಬಿಟ್ಟೆ. ಸುವರ್ಣಾ ನನ್ನನ್ನು ಇಡಿಯಾಗಿ ತೆಳು ಮಾಡಿ ನೋಡಿದಳು. ಆಗ ಮುಖಕ್ಕೆ ಸುಣ್ಣದ ನೀರು ಎರಚಿದಂತಾಯಿತು. ನಾಚಿಕೆಯಿಂದ ನನಗೆ ಸಾಕುಸಾಕಾಯಿತು.

ಫಕ್ಕೀರಪ್ಪ ಎದ್ದರು. “ಇರಲಿ ಬಿಡವಾ. ನಮ್ಮ ಹಣ್ಯಾಗ ಬರದಿಲ್ಲ.” ಫೋಟೊ ಕೈಗೆತ್ತಿಕೊಂಡವರು, ಹಳೆಯ ಚಾಳಿ ಬಿಡಲಾರದೆ ಪರದೆಯತ್ತ ಬಗ್ಗಿದರು.

“ಆ ತುದಿಗೆ ಏನ ಹಚ್ಚೀದಿ?”

“ಏನಿಲ್ಲ ಕಾಕಾ, ಖಾಲಿ ಐತಿ.”

“ಖಾಲಿ ಎಲ್ಲೈತಿ? ಬಿಳಿ ಐತಿ. ಸುಣ್ಣ ಬಳದ ಗ್ವಾಡಿಗೆ ಖಾಲಿ ಅಂತಾರೇನು? ಬಣ್ಣ ಕರಗಸೂಮುಂದ ನಾವು ಬಿಳಿ ಕೂಡಸೂದಿಲ್ಲ. ಕುಂಚ ಒಣಗಿಸಿ ಎಳಿತೀವಿ.”

ಸುವರ್ಣಾ ನನ್ನನ್ನು ತೆರೆದಳು. ಪಟ್ಟಿಯ ಕೆಳಗೆ ಬಣ್ಣದ ಗುಂಡಿಗಳು, ಮೇಲೆ ಪಾರದರ್ಶಕತೆಯ ಗುಂಡಿಗಳು. ಮೇಲಿನವನ್ನು ಇದುವರೆಗೆ ಯಾರೂ ಮುಟ್ಟಿರಲಿಲ್ಲ. ಬಿಳಿಯ ಜಾಗಕ್ಕೂ ನೀಲಿಯನ್ನೇ ಕೊಟ್ಟು, ಅದರ ಮೇಲಿನ ಗುಂಡಿಯನ್ನು ಸೊನ್ನೆಗೆ ತಂದಳು. ಮತ್ತೆ ಎಳೆದಳು. ಈ ಸಲ ನಾನು ಮೆಲ್ಲಗೆ ಹೋದೆ. ಸವೆಯುತ್ತ ಸವೆಯುತ್ತ ನಸುಹಸಿರಾಗಿ, ದ್ಯಾಮವ್ವನ ಭುಜ ತಲುಪುವ ಮೊದಲೇ ಮುಗಿದುಹೋದೆ. ಎರಡು ಗೋಡೆ ಒಂದೇ ಗೋಡೆಯಾಯಿತು.

ಫಕ್ಕೀರಪ್ಪ ಕೈಯಲ್ಲಿದ್ದ ಫೋಟೊಗಳನ್ನು ಮೇಜಿನ ಮೇಲೆ ವಾಪಸು ಇಟ್ಟರು. ಆಮೇಲೆ ಟವಲಿನಿಂದ ಕಣ್ಣೊರೆಸಿಕೊಂಡು, “ಆಕಿ ಇದ್ದಿದ್ರ ಇಷ್ಟೊತ್ತಿಗೆ ಬೈತಿದ್ಲು, ಈಗ ಬಂದ್ರೇನು ಅಂತ,” ಎಂದು ನಕ್ಕರು.

ಅವರು ಹೋದ ಮೇಲೆ ಸುವರ್ಣಾ ನನಗೆ ಹೊಸ ಹೆಸರಿಟ್ಟು ಉಳಿಸಿದಳು: ‘ಫಕ್ಕೀರಪ್ಪ ಆರ್ಟ್ಸ್’. ಅವಳ ಬಳಿ ಕಲಿತವರ ಪೆನ್‌ಡ್ರೈವುಗಳಲ್ಲಿ ಆ ಹೆಸರು ರೋಣ, ಮುಂಡರಗಿ, ನರಗುಂದದ ಅಂಗಡಿಗಳನ್ನೂ ಸೇರಿತು.

ಈಗ ನನಗೆ ವಯಸ್ಸಾಗಿದೆ. ಹೊಸ ಸಾಫ್ಟ್‌ವೇರುಗಳು ಫೋಟೊಗಳನ್ನು ತಾವೇ ಕೂಡಿಸುತ್ತವೆ. ನಾನು ಗ್ರೇಡಿಯಂಟುಗಳ ಯಾದಿಯ ಕೊನೆಯಲ್ಲಿ ಕೂತಿದ್ದೇನೆ. ಬೇಸರವಿಲ್ಲ. ಆ ಮಗಳ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ಒಂದೇ ಗೋಡೆಯ ಮುಂದೆ ನಿಂತಿದ್ದಾರೆ. ದ್ಯಾಮವ್ವನ ಮುಖದ ಮೇಲೆ ನಾನು ಎಳ್ಳಷ್ಟೂ ಇಲ್ಲ.